ಕಣ್ಣು ಬಿಟ್ಟು ಹೇಳಬೇಕಾದ ಮಾತು

ಜನವರಿಯ ಮೊದಲ ಭಾನುವಾರ ಪಾದ್ರಿ ಕೊಂಡ್ಲೊ ಚರ್ಚಿನ ಗೋಡೆಗೆ ಒಂದು ದೊಡ್ಡ ರಟ್ಟು ಹೊಡೆಸಿದರು. ನಮ್ಮ ಎಮ್ತೊಂಜೇನಿ ಊರಿನ ಸಭೆಗೆ ವರ್ಷಕ್ಕೊಂದು ಗುರಿ ಇರುವುದು ಹಳೆಯ ಪದ್ಧತಿ. ಹೋದ ವರ್ಷದ್ದು ಚಾವಣಿಯ ತಗಡು, ಅದಕ್ಕೂ ಹಿಂದಿನ ವರ್ಷದ್ದು ಮನೆಗೊಂದು ಕುಂಬಳದ ಪಾತಿ. ತಗಡು ಬಂತು. ಕುಂಬಳವನ್ನು ಪಾದ್ರಿಗಳದೇ ಮೇಕೆ ತಿಂದಿತು. ಈ ವರ್ಷದ ಗುರಿ ಮನುಷ್ಯರು. ಚರ್ಚು ಬಿಟ್ಟುಹೋದ ಪ್ರತಿಯೊಬ್ಬರನ್ನೂ ಈಸ್ಟರಿನೊಳಗೆ ವಾಪಸ್ ಕರೆತರಬೇಕು, ಹಬ್ಬದ ದಿನ ಇಡೀ ಸಭೆ ಒಂದೇ ಮೈಯಾಗಿ ಕೂರಬೇಕು. ರಟ್ಟಿನ ಮೇಲೆ ಹನ್ನೊಂದು ಗುಂಪು, ಗುಂಪಿಗೊಬ್ಬ ಮುಖಂಡೆ, ಅವಳ ಹೆಸರಿನ ಕೆಳಗೆ ತಪ್ಪಿಸಿಕೊಂಡ ಕುರಿಗಳ ಪಟ್ಟಿ. ಬಂದವರ ಹೆಸರಿನ ಮುಂದೆ ಕೆಂಪು ಕಾಗದದ ಚುಕ್ಕಿ.

ಆರನೆಯ ಗುಂಪಿನ ಮುಖಂಡೆ ಮಾಮ್ಪಿಂಗಾ. ವಯಸ್ಸು ಅರವತ್ತೆಂಟು, ಅದರಲ್ಲಿ ನಲವತ್ತು ವರ್ಷ ಕೆಂಪಂಗಿಯಲ್ಲಿ ಕಳೆದವಳು. ಗುರುವಾರದ ಹೆಂಗಸರ ಪ್ರಾರ್ಥನಾಕೂಟದ ಸಮವಸ್ತ್ರ ಅದು: ಕೆಂಪಂಗಿ, ಬಿಳಿ ಕಾಲರು, ಬಿಳಿ ಟೋಪಿ. ಹೆಸರು ಗುರುವಾರವಾದರೂ ಆ ದಿನ ಗುರುಗಳಿಗೆ ಒಳಗೆ ಪ್ರವೇಶವಿಲ್ಲ. ಅವಳ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು. ಒಬ್ಬ ಕುಡುಕ. ಹಾಡಿನ ಮೊದಲ ಸಾಲು ಯಾರು ಎತ್ತಬೇಕು ಎಂದು ಜಗಳವಾಡಿ ಚರ್ಚು ಬಿಟ್ಟ ಅಕ್ಕತಂಗಿಯರಿಬ್ಬರು. ನಾಲ್ಕನೆಯವಳು ಅವಳದೇ ಮನೆಯ ಸೊಸೆ ನೊಮನ್ಯಾನೊ. ಆ ಹೆಸರನ್ನು ಮದುವೆಯ ದಿನ ಸೊಸೆಗೆ ಇಟ್ಟವಳೂ ಮಾಮ್ಪಿಂಗಾಳೇ. ಒಗ್ಗಟ್ಟಿನ ತಾಯಿ ಎಂದು ಅರ್ಥ.

ಅಂದು ಮಧ್ಯಾಹ್ನ ಊಟಕ್ಕೆ ಕೋಳಿ, ಅನ್ನ, ಬೀಟ್‌ರೂಟು, ಕುಂಬಳ, ಎಲೆಕೋಸು. ಭಾನುವಾರದ ತಟ್ಟೆಯಲ್ಲಿ ಬಣ್ಣ ಕಡಿಮೆಯಾಗುವಂತಿಲ್ಲ. ಬಡಿಸುತ್ತಿದ್ದವಳು ನೊಮನ್ಯಾನೊ, ಅತ್ತೆಯ ಎದುರು ಹೆಗಲಿಗೆ ಶಾಲು ಹೊದ್ದು. ಮಾಮ್ಪಿಂಗಾಳ ಕಿರಿಯ ಮಗ ವುಯಿಸಿಲೆ ಕೋಳಿಯ ಕಾಲಿಗೆ ಆಗಲೇ ಕೈ ಹಾಕಿದ್ದ. ಅವನು ಟೈರ್ ಅಂಗಡಿಯಲ್ಲಿ ಕೆಲಸಗಾರ, ಮದುವೆ ಎಂಬ ಮಾತೆತ್ತಿದರೆ ಪಂಕ್ಚರ್ ಆದವನಂತೆ ಕೂರುವವನು. ನೊಮನ್ಯಾನೊಳ ಮಗಳು ಫೆಲೊಕಾಜಿಗೆ ಹದಿನೆಂಟು. ಊರಿನ ಯಾರ ದನಿಯನ್ನು ಬೇಕಾದರೂ ಗಂಟಲಿನಿಂದ ತೆಗೆಯುತ್ತಿದ್ದಳು. ಚಮಚವನ್ನು ಮೈಕಿನ ಹಾಗೆ ಹಿಡಿದು, ಮೂಗಿನಿಂದ ಪಾದ್ರಿ ಕೊಂಡ್ಲೊರ ದನಿಯಲ್ಲಿ, ಪ್ರಿಯರೇ, ಈ ವರ್ಷ ನಮ್ಮ ಮೇಕೆಯನ್ನು ಕಟ್ಟಿಹಾಕಿದ್ದೇವೆ, ನೀವು ಧೈರ್ಯವಾಗಿ ಬರಬಹುದು ಎಂದಳು. ವುಯಿಸಿಲೆಗೆ ಅನ್ನ ನೆತ್ತಿಗೇರಿತು. ಮಾಮ್ಪಿಂಗಾ ನಗಲಿಲ್ಲ.

"ಮಕೋಟಿ," ಎಂದಳು. ಸೊಸೆಯನ್ನು ನಾವು ಕರೆಯುವುದೇ ಹಾಗೆ. "ಮುಂದಿನ ಭಾನುವಾರ ನೀನು ಬರ್ತಿದ್ದೀಯ."

"ಎಲ್ಲಿಗೆ ಅಮ್ಮ?"

"ಗೊತ್ತಿಲ್ಲದವಳ ಹಾಗೆ ಆಡ್ಬೇಡ. ಗೋಡೆ ಮೇಲೆ ನಿನ್ನ ಹೆಸರು ನೇತಾಡ್ತಿದೆ. ಅದರ ಮೇಲೆ ನನ್ನ ಹೆಸರು ನೇತಾಡ್ತಿದೆ."

ನೊಮನ್ಯಾನೊ ಅತ್ತೆಯ ತಟ್ಟೆಗೆ ಇನ್ನೊಂದು ಚಮಚ ಕುಂಬಳ ಹಾಕಿದಳು. "ಬರ್ತೀನಿ ಅಮ್ಮ. ಅವತ್ತು ಕಣ್ಣು ಮುಚ್ಕೊಂಡು ಹೇಳಿದ್ರಲ್ಲ, ಅದನ್ನ ಈಗ ಕಣ್ಣು ಬಿಟ್ಟು ಹೇಳಿ. ಭಾನುವಾರ, ಗಂಡಸರು ಹೆಂಗಸರು ಎಲ್ಲರೂ ಇರೋವಾಗ. ಪ್ರಾರ್ಥನೇಲಿ ಅಲ್ಲ. ಯಾರ ಛತ್ರಿ ಕಳೀತು, ಯಾರ ಮನೇಲಿ ಸಾವಾಯ್ತು ಅಂತ ಪ್ರಕಟಣೆ ಓದ್ತಾರಲ್ಲ, ಆ ಹೊತ್ತಲ್ಲಿ."

ಮಾಮ್ಪಿಂಗಾ ಕೋಳಿ, ಅನ್ನ ಮುಗಿಸಿ ಎದ್ದಳು. ಆದರೆ ಕುಂಬಳ ತಟ್ಟೆಯಲ್ಲೇ ಉಳಿಯಿತು.

ವಿಷಯ ಒಂಬತ್ತು ವರ್ಷ ಹಳೆಯದು. ಮಾಮ್ಪಿಂಗಾಳ ಹಿರಿಯ ಮಗ, ನೊಮನ್ಯಾನೊಳ ಗಂಡ, ಮ್ಖುಲುಲಿ ಲಾರಿ ಡ್ರೈವರ್. ಲಾರಿ ಉರುಳಿ ಸತ್ತ. ನೊಮನ್ಯಾನೊ ವರ್ಷದ ಕಪ್ಪು ಬಟ್ಟೆ ತೊಟ್ಟು ಹಿತ್ತಲಿನ ದುಂಡು ಗುಡಿಸಲಿನಲ್ಲಿ ಸೂತಕ ಕೂತಳು. ನಾಲ್ಕನೆಯ ತಿಂಗಳಲ್ಲಿ ಮ್ಖುಲುಲಿಯ ಜತೆಗಾರ ಡ್ರೈವರೊಬ್ಬ ಬಂದು, ಸತ್ತವನ ಚೀಲವನ್ನು ಕೊಟ್ಟು, ಒಂದು ಲೋಟ ನೀರು ಕುಡಿದು ಹೋದ. ಚೀಲದಲ್ಲಿ ಅಂಗಿ, ಕ್ಷೌರದ ಸಾಮಾನು, ಒಂದು ಜೊತೆ ಶೂ. ನೊಮನ್ಯಾನೊ ಶೂ ತೊಳೆದು ಬಾಗಿಲ ಹೊರಗೆ ಬಿಸಿಲಿಗಿಟ್ಟಳು.

ಅದು ಗುರುವಾರ. ಚರ್ಚಿಗೆ ಹೊರಟ ಮಾಮ್ಪಿಂಗಾ ಗೇಟಿನಿಂದಲೇ ನೋಡಿದಳು: ವಿಧವೆಯ ಬಾಗಿಲಲ್ಲಿ ಗಂಡಸಿನ ಶೂ. ಹತ್ತಿರ ಹೋಗಿ ನೋಡುವಷ್ಟು ಪುರುಸೊತ್ತು ಕೋಪಕ್ಕೆ ಇರಲಿಲ್ಲ. ನೇರ ಕೂಟಕ್ಕೆ ಹೋಗಿ ಮಂಡಿಯೂರಿ ಪ್ರಾರ್ಥಿಸಿದಳು.

ನಮ್ಮ ಹೆಂಗಸರ ಪ್ರಾರ್ಥನೆ ಏನೆಂದು ನಮಗೆ ಗೊತ್ತು. ಯಾರ ಮೇಲೆ ದೂರಿದ್ದರೂ ಅದನ್ನು ದೇವರಿಗೇ ಹೇಳುತ್ತಾರೆ, ಆದರೆ ಹಿಂದಿನ ಸಾಲಿಗೂ ಕೇಳುವಷ್ಟು ಗಟ್ಟಿಯಾಗಿ. ಹೆಸರು ಹೇಳುವುದಿಲ್ಲ, ಗುರುತು ಬಿಡುವುದಿಲ್ಲ. ಒಲೆಯ ಮೇಲೆ ಪಾತ್ರೆ ಹತ್ತಿ ಉರಿಯುತ್ತಿದ್ದರೂ ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಆಮೆನ್ ಅನ್ನಬೇಕು. ಅಂದರೆ ಎಲ್ಲರೂ ಒಪ್ಪಿದಂತಾಯಿತು. ಕರ್ತನೇ, ನನ್ನ ಮಗನ ಮಣ್ಣು ಆರುವ ಮೊದಲೇ ಅವನ ಬಾಗಿಲಲ್ಲಿ ಬೇರೆ ಗಂಡಸಿನ ಶೂ ಕಾಣುವಂತೆ ಮಾಡಿದೆಯಲ್ಲ ಎಂದು ಮಾಮ್ಪಿಂಗಾ ಅತ್ತಳು. ಅರವತ್ತು ಹೆಂಗಸರು ಅತ್ತು ಆಮೆನ್ ಎಂದರು.

ಮನೆಗೆ ವಾಪಸ್ ಬಂದಾಗ ಶೂ ಇನ್ನೂ ಅಲ್ಲೇ ಇತ್ತು. ಈಗ ಹತ್ತಿರ ಹೋದಳು. ಎಡಗಾಲಿನ ಹಿಮ್ಮಡಿಗೆ ಕಪ್ಪು ದಾರದ ಹೊಲಿಗೆ. ಅದನ್ನು ಹಾಕಿದವಳು ಅವಳೇ, ಹೋದ ಕ್ರಿಸ್ಮಸ್ಸಿಗೆ, ಮಗ ಮನೆಗೆ ಬಂದಾಗ. ಬಗ್ಗಿ ಮುಟ್ಟಿ ನೋಡಿದಳು. ತಲೆ ಎತ್ತಿದರೆ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮಾಮ್ಪಿಂಗಾ ಶೂ ಅಲ್ಲೇ ಬಿಟ್ಟು ದೊಡ್ಡ ಮನೆಯೊಳಗೆ ಹೋದಳು.

ಶನಿವಾರ ಮೂವರು ಹೆಂಗಸರು ಬಂದು ನೊಮನ್ಯಾನೊಳ ಕೆಂಪಂಗಿಯನ್ನು ಪೆಟ್ಟಿಗೆಯಿಂದ ತೆಗೆಸಿ ಒಯ್ದರು. ಶೂ ನನ್ನ ಗಂಡನದೇ ಎಂದು ಅವಳು ಹೇಳಿದಳು. ಹಾಗಾದರೆ ಮಾಮ್ಪಿಂಗಾಳ ಪ್ರಾರ್ಥನೆ ಸುಳ್ಳೇ ಎಂದು ಅವರು ಕೇಳಿದರು. ಮೂವರೂ ಮಾಮ್ಪಿಂಗಾಳ ಮುಖ ನೋಡಿದರು. ದೇವರ ಮುಂದೆ ಇಟ್ಟದ್ದನ್ನು ನಾನು ಹೇಗೆ ಎತ್ತಿಕೊಳ್ಳಲಿ ಎಂದು ಅವಳು ಶಾಲಿನ ತುದಿಯಿಂದ ಕಣ್ಣೊರೆಸಿದಳು. ಅಲ್ಲಿಗೆ ಮುಗಿಯಿತು.

ನೊಮನ್ಯಾನೊ ಮನೆ ಬಿಟ್ಟು ಹೋಗಲಿಲ್ಲ. ಹೋದರೆ ಶೂವಿನ ಮಾತು ನಿಜವಾಗುತ್ತಿತ್ತು. ಹೊಲಿಗೆ ಯಂತ್ರ ತಂದು ಗುಡಿಸಲಿನಲ್ಲಿಟ್ಟಳು. ಒಂಬತ್ತು ವರ್ಷದಿಂದ ಆ ಮನೆಯ ದಿನಸಿ ಬರುವುದು ಆ ಯಂತ್ರದಿಂದ. ಊರಿನ ಹೆಂಗಸರು ಕೆಂಪಂಗಿ ಹೊಲಿಸಿಕೊಳ್ಳುವುದೂ ಅವಳ ಹತ್ತಿರವೇ. ಅವಳನ್ನು ಹೊರಗೆ ಹಾಕಿದ ಮೂವರ ಸೊಂಟದ ಸುತ್ತಳತೆ ವರ್ಷ ವರ್ಷ ಎಷ್ಟೆಷ್ಟು ಏರಿದೆ ಎಂಬುದು ಅವಳಿಗೆ ಬಾಯಿಪಾಠ.

ಫೆಬ್ರವರಿಯಲ್ಲಿ ಕುಡುಕ ವಾಪಸ್ ಬಂದ. ಅಕ್ಕತಂಗಿಯರು ಒಂದೊಂದು ವಾರ ಒಬ್ಬೊಬ್ಬರು ಹಾಡೆತ್ತುವ ಒಪ್ಪಂದದ ಮೇಲೆ ಬಂದರು. ಮಾಮ್ಪಿಂಗಾಳಿಗೆ ಮೂರು ಚುಕ್ಕಿ. ಉಳಿದ ಗುಂಪುಗಳೂ ತುಂಬುತ್ತಿದ್ದವು. ಏಳನೆಯ ಗುಂಪಿನ ಮುಖಂಡೆ ಮಾಗಟ್ಯೇನಿ ಎಲ್ಲರಿಗಿಂತ ಮೊದಲು ತನ್ನ ಪಟ್ಟಿ ಪೂರ್ತಿ ಮಾಡಿಕೊಂಡು, ಇನ್ನು ಕೆಲಸವಿಲ್ಲದ್ದರಿಂದ ಮಾಮ್ಪಿಂಗಾಳ ಪಟ್ಟಿಗೆ ಮರುಗತೊಡಗಿದಳು. ಒಂಬತ್ತು ವರ್ಷದ ಹಿಂದೆ ಬಂದ ಮೂವರಲ್ಲಿ ಅವಳೂ ಒಬ್ಬಳು.

ನೊಮನ್ಯಾನೊಳನ್ನು ಕರೆಯಲು ವಾರಕ್ಕೊಂದು ತಂಡ ಬರತೊಡಗಿತು. ಅವಳು ಪ್ರತಿ ತಂಡಕ್ಕೂ ಸ್ಕೋನ್ ಎಂಬ ಸಿಹಿ ಬನ್ನು ಬೇಯಿಸಿದಳು, ಟ್ರೇಯಲ್ಲಿ ಚಹಾ ಇಟ್ಟಳು, ಮಂಡಿಯೂರಿ ಕೊಟ್ಟಳು. ಎಲ್ಲ ಮಾತನ್ನೂ ತಲೆ ತಗ್ಗಿಸಿ ಕೇಳಿದಳು. ಕೊನೆಗೆ ಎಲ್ಲರಿಗೂ ಒಂದೇ ಉತ್ತರ: ನಾನೇನು ಹೇಳಲಿ, ಶೂ ಯಾರದು ಅಂತ ಅಮ್ಮನನ್ನೇ ಕೇಳಿ. ಅವರು ಎದ್ದು ಹೋಗುವಾಗ ದೊಡ್ಡ ಮನೆಯ ವರಾಂಡದಲ್ಲಿ ಕೂತ ಮಾಮ್ಪಿಂಗಾಳನ್ನು ಕೇಳುತ್ತಿದ್ದರು. ಮಾಮ್ಪಿಂಗಾ ಮೊದಲ ತಂಡಕ್ಕೆ ಮಂಡಿನೋವು ಎಂದಳು, ಎರಡನೆಯದಕ್ಕೆ ಹಳೆಯ ಮಾತು ಬಿಡಿ ಎಂದಳು, ಮೂರನೆಯ ತಂಡ ಗೇಟು ತೆರೆಯುವುದನ್ನು ಕಂಡು ಹಿಂಬಾಗಿಲಿನಿಂದ ಕೋಳಿಗೂಡಿಗೆ ಹೋಗಿ ಕೂತಳು.

"ಅಮ್ಮ, ಅಲ್ಲಿ ಮೊಟ್ಟೆ ಇಡೋಕೆ ಹೋಗಿದ್ಯಾ?" ಎಂದು ವುಯಿಸಿಲೆ ಸಂಜೆ ಕೇಳಿದ. ಅವನಿಗೆ ಅಂದು ಸಾರು ಸಿಗಲಿಲ್ಲ.

ಮಾರ್ಚಿನ ಮೊದಲ ವಾರ ಮಾಮ್ಪಿಂಗಾ ಹೊಸ ಆಯುಧ ತೆಗೆದಳು. ಊಟಕ್ಕೆ ಮೊದಲಿನ ಎರಡು ಸಾಲಿನ ಪ್ರಾರ್ಥನೆ ಉದ್ದವಾಗುತ್ತ ಹೋಯಿತು. ಕರ್ತನೇ, ಕಲ್ಲಾದ ಹೃದಯಗಳನ್ನು ಮೆದುಮಾಡು. ಕರ್ತನೇ, ವಯಸ್ಸಾದವರನ್ನು ಊರಿನ ಮುಂದೆ ನಗೆಪಾಟಲು ಮಾಡುವವರನ್ನು ಕ್ಷಮಿಸು. ಕುಟ್ಟಿದ ಮೆಕ್ಕೆಜೋಳ, ಬೀನ್ಸು ತಟ್ಟೆಯಲ್ಲಿ ಆರಿ ಗಟ್ಟಿಯಾಗುತ್ತಿತ್ತು. ಮೂರನೆಯ ದಿನದಿಂದ ನೊಮನ್ಯಾನೊ ಬಡಿಸುವುದನ್ನೇ ನಿಲ್ಲಿಸಿದಳು. ಪಾತ್ರೆಯ ಮುಚ್ಚಳ ಮುಚ್ಚಿ, ಅದರ ಮೇಲೊಂದು ಬಟ್ಟೆ ಹೊದಿಸಿ, ಆಮೆನ್ ಬರುವವರೆಗೆ ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹಚ್ಚಿದಳು. ಒಂದು ರಾತ್ರಿಯೂಟದ ಪ್ರಾರ್ಥನೆಗೆ ಒಂಬತ್ತು ಗುಂಡಿ. ಹಸಿವಿನಿಂದ ಮೊದಲು ಸೋತವನು ವುಯಿಸಿಲೆ. ಅವನು ಟೈರ್ ಅಂಗಡಿಯ ಎದುರಿನ ಡಬ್ಬಿ ಹೋಟೆಲಿನಲ್ಲಿ ಉಂಡು ಬರತೊಡಗಿದ.

ಮಾರ್ಚಿನ ಎರಡನೆಯ ವಾರ ಮಾಮ್ಪಿಂಗಾ ಸ್ವಲ್ಪ ಬಗ್ಗಿದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂದು, ಗುರುವಾರದ ಕೂಟದಲ್ಲಿ ಹೇಳುತ್ತೇನೆ, ಹೆಂಗಸರು ಮಾತ್ರ ಇರುತ್ತಾರೆ, ಪ್ರಾರ್ಥನೆಯಲ್ಲೇ ಒಂದು ಮಾತು ಸೇರಿಸುತ್ತೇನೆ ಎಂದಳು.

"ಕಣ್ಣು ಮುಚ್ಚಿ?"

"ಪ್ರಾರ್ಥನೆ ಮತ್ತೆ ಹೇಗೆ ಮಾಡ್ತಾರೆ?"

"ನನ್ನ ಮೇಲೆ ಹೇಳಿದ್ದು ದೇವರಿಗಲ್ಲ ಅಮ್ಮ, ಊರಿಗೆ. ದೇವರಿಗೆ ಶೂ ಯಾರದು ಅಂತ ಮೊದಲೇ ಗೊತ್ತಿತ್ತು. ಊರಿಗೇ ಹೇಳಿ."

"ಅಷ್ಟು ಜನರ ಮುಂದೆ ನಾನು ನಿಂತ್ರೆ ನನ್ನ ಅಂಗಿ ಉಳಿಯುತ್ತಾ? ಮಾಗಟ್ಯೇನಿ ಬಿಡ್ತಾಳಾ?"

"ನನ್ನದು ಉಳೀತಾ?" ನೊಮನ್ಯಾನೊ ಹಿಂಡಿದ ಹೊದಿಕೆಯನ್ನು ಒದರಿದಳು. ನೀರು ಅತ್ತೆಯ ಮುಖಕ್ಕೆ ಸಿಡಿಯಿತು. ಕ್ಷಮಿಸಿ ಎಂದಳು, ಒರೆಸಿಕೊಳ್ಳಲು ಬಟ್ಟೆ ಕೊಡಲಿಲ್ಲ.

ಅದೇ ವಾರ ಅವಳು ಮಗಳಿಗೆ ಎಲ್ಲ ಹೇಳಿದಳು. ಫೆಲೊಕಾಜಿ ಈಸ್ಟರಿಗೆ ಯುವತಿಯರ ಕೂಟ ಸೇರುವವಳಿದ್ದಳು. ಅವಳ ಸಮವಸ್ತ್ರದ ಅಂಚು ಮಡಿಸುತ್ತ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು. ಒಂಬತ್ತು ವರ್ಷ ಹೇಳಿರಲಿಲ್ಲ. ಮೊದಲೇ ಹೇಳಬಹುದಿತ್ತು. ಆದರೆ ಮೊದಲು ಗೋಡೆಯ ಮೇಲೆ ರಟ್ಟಿರಲಿಲ್ಲ.

ಫೆಲೊಕಾಜಿ ಮೂರನೆಯ ತರಗತಿಯಲ್ಲಿದ್ದಾಗ ಹುಡುಗಿಯರು ಅವಳ ಡೆಸ್ಕಿನ ಕೆಳಗೆ ಹರಿದ ಗಂಡಸರ ಶೂ ತಂದಿಟ್ಟು ನಗುತ್ತಿದ್ದರು. ಯಾಕೆಂದು ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಎದ್ದು ನೇರ ದೊಡ್ಡ ಮನೆಗೆ ಹೋದಳು. ಮಾಮ್ಪಿಂಗಾ ಬೀನ್ಸ್ ಆರಿಸುತ್ತಿದ್ದಳು.

"ಅಜ್ಜಿ, ಆ ಶೂ ನಮ್ಮಪ್ಪಂದಾ?"

ಅಜ್ಜಿ ಬೀನ್ಸಿನಿಂದ ಕಲ್ಲು ತೆಗೆದಳು. ಇನ್ನೊಂದು ಕಲ್ಲು ತೆಗೆದಳು.

"ನಾನು ಕೇಳಿದ್ದು ಕೇಳಿಸ್ತಲ್ಲ?"

"ಹೌದು."

"ನಿಮಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಸಂಜೆ."

ಯಾವ ದನಿಯನ್ನಾದರೂ ತೆಗೆಯುವ ಹುಡುಗಿ ಈಗ ತನ್ನದೇ ದನಿಯಲ್ಲಿ ಮಾತಾಡಿದಳು. "ಹಾಗಾದ್ರೆ ನಾನೂ ಬರಲ್ಲ. ಈಸ್ಟರಿಗಲ್ಲ, ಯಾವತ್ತೂ. ಪಾದ್ರಿಗಳಿಗೆ ನಾನೇ ಹೇಳ್ತೀನಿ, ನನ್ನ ಹೆಸರೂ ಆ ರಟ್ಟಿಗೆ ಬರೀಲಿ, ನಿಮ್ಮ ಹೆಸರಿನ ಕೆಳಗೆ."

ಹೇಳಿದಂತೆಯೇ ಮಾಡಿದಳು. ಮುಂದಿನ ಭಾನುವಾರ ಪಾದ್ರಿಗಳು ಐದನೆಯ ಹೆಸರು ಬರೆದರು. ಹತ್ತು ಗುಂಪುಗಳು ಕೆಂಪು ಚುಕ್ಕಿಯಿಂದ ತುಂಬಿ ದಡಾರ ಎದ್ದಂತೆ ಕಾಣುತ್ತಿದ್ದವು. ಆರನೆಯದೊಂದೇ ಹಿಂದಕ್ಕೆ ಹೋಗುತ್ತಿತ್ತು.

ಈಸ್ಟರಿಗೆ ಎರಡು ವಾರವೂ ಉಳಿದಿಲ್ಲದ ಒಂದು ಮಂಗಳವಾರ ಪಾದ್ರಿ ಕೊಂಡ್ಲೊ ಮನೆಗೆ ಬಂದರು. ಮಾಮ್ಪಿಂಗಾ ಅವರನ್ನು ವರಾಂಡದಲ್ಲಿ ಕೂರಿಸಿ, ಇದು ಹೆಂಗಸರ ವಿಷಯ ಎಂದಳು. ಅವರು ತಲೆ ಕೆರೆದುಕೊಂಡು, ಅಮ್ಮಾ, ಹೆಂಗಸರದ್ದೋ ಗಂಡಸರದ್ದೋ, ಮೇಲಿನವರು ಹಬ್ಬಕ್ಕೆ ಬರುತ್ತಾರೆ, ನಾನು ಒಂದೇ ಮೈ ಎಂದು ಪತ್ರ ಬರೆದುಬಿಟ್ಟಿದ್ದೇನೆ ಎಂದರು. ಮೊಮ್ಮಗಳು ಮೂರು ವಾರದಿಂದ ಅಜ್ಜಿಯ ಜತೆ ಮಾತಾಡಿರಲಿಲ್ಲ. ಪಾದ್ರಿಗಳಿಗೆ ಶುಂಠಿ ಪಾನಕ ತಂದವಳು ಅಜ್ಜಿಯ ಲೋಟವನ್ನು ನೆಲದ ಮೇಲಿಟ್ಟು ಹೋದಳು. ಮಾಮ್ಪಿಂಗಾ ಬಗ್ಗಿ ಅದನ್ನು ಎತ್ತಿಕೊಂಡಳು. ಕುಡಿಯಲಿಲ್ಲ. ಭಾನುವಾರ ಪ್ರಕಟಣೆಯಲ್ಲಿ ತನಗೂ ಒಂದು ಮಾತಿದೆ, ಬರೆದುಕೊಳ್ಳಿ ಎಂದಳು.

ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ಚರ್ಚು ಕಿಕ್ಕಿರಿದಿತ್ತು. ನೊಮನ್ಯಾನೊ ಬೂದುಬಣ್ಣದ ಉಡುಪಿನಲ್ಲಿ ಬಂದು ಬಾಗಿಲ ಪಕ್ಕ ನಿಂತಳು, ಒಳಗೂ ಅಲ್ಲ ಹೊರಗೂ ಅಲ್ಲ. ಪಕ್ಕದಲ್ಲಿ ಫೆಲೊಕಾಜಿ. ಇಬ್ಬರಿಗೂ ಒಳಗಿನಿಂದ ಜಾಗ ಮಾಡಿಕೊಟ್ಟರು, ಇಬ್ಬರೂ ಕೂರಲಿಲ್ಲ. ಒಂದು ಅಂತ್ಯಕ್ರಿಯೆ, ಒಂದು ಕಳೆದ ಸ್ವೆಟರು, ನಲ್ಲಿ ನೀರು ಬಾರದ ಎರಡು ದಿನ. ಆಮೇಲೆ ಪಾದ್ರಿಗಳು ಮಾಮ್ಪಿಂಗಾಳ ಹೆಸರು ಓದಿದರು.

ಮಾಮ್ಪಿಂಗಾ ಎದ್ದು ಮುಂದೆ ಬಂದಳು. ಎರಡೂ ಕೈ ಎದೆಗೆ ಒತ್ತಿ ಕಣ್ಣು ಮುಚ್ಚಿದಳು.

"ಕರ್ತನೇ..."

ರೂಢಿಯ ಬಲದಿಂದ ಇಡೀ ಸಭೆಯ ತಲೆಗಳು ಬಾಗಿದವು.

"ಅಮ್ಮ, ಕಣ್ಣು," ಎಂದಳು ನೊಮನ್ಯಾನೊ ಬಾಗಿಲಿನಿಂದ.

ನಮ್ಮ ಚರ್ಚಿನಲ್ಲಿ ಪ್ರಾರ್ಥನೆಗೆ ಯಾರಾದರೂ ಅಡ್ಡ ಮಾತಾಡಿದ್ದನ್ನು ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ. ಬಾಗಿದ ತಲೆಗಳು ಎದ್ದವು. ಯಾರೋ ಮುದುಕ ಆಮೆನ್ ಎಂದುಬಿಟ್ಟ. ಮಾಮ್ಪಿಂಗಾ ಕಣ್ಣು ತೆರೆದಳು; ಎದುರಿಗೆ ಮುನ್ನೂರು ಜನ.

"ಒಂಬತ್ತು ವರ್ಷದ ಹಿಂದೆ ನನ್ನ ಸೊಸೆ ಬಾಗಿಲಲ್ಲಿ ಶೂ ನೋಡ್ದೆ ಅಂತ ಹೇಳಿದ್ದೆ," ಎಂದಳು. "ಶೂ ಇತ್ತು. ಅದು ನನ್ನ ಮಗಂದು. ಮ್ಖುಲುಲೀದು. ಹೊಲಿಗೆ ಹಾಕಿದ್ದು ನಾನೇ. ಅವತ್ತು ಸಂಜೇನೇ ಗೊತ್ತಾಯ್ತು. ಹೇಳ್ಲಿಲ್ಲ."

ಇನ್ನೂ ಏನೋ ಸೇರಿಸಲು ಬಾಯಿ ತೆರೆದಳು. ಸೊಸೆಯ ಮುಖ ನೋಡಿದಳು, ಮುಚ್ಚಿಕೊಂಡಳು.

ಮಾಗಟ್ಯೇನಿ ಇದಕ್ಕಾಗಿಯೇ ತುದಿಯಲ್ಲಿ ಕೂತಿದ್ದವಳಂತೆ ಎದ್ದಳು. ಸುಳ್ಳು ಸಾಕ್ಷಿಗೆ ಕೂಟದ ನಿಯಮ ಒಂದೇ, ನನಗೂ ಬೇಸರವೇ, ಆದರೆ ಅಂಗಿ ಬಿಚ್ಚಿಕೊಡಬೇಕಾಗುತ್ತದೆ ಎಂದಳು. ಬೇಸರವನ್ನು ತೋರಿಸಲು ಕಷ್ಟಪಡುತ್ತಿದ್ದಳು. ನಾಲ್ಕೈದು ಬಿಳಿ ಟೋಪಿಗಳು ತಲೆದೂಗಿದವು. ಮಾಮ್ಪಿಂಗಾಳ ಕೈ ತಾನಾಗಿ ಕಾಲರಿನ ಗುಂಡಿಗೆ ಹೋಯಿತು. ಪಾದ್ರಿಗಳಿಗೆ ಆರನೆಯ ಗುಂಪಿನಲ್ಲಿ ಮುಖಂಡೆಯೂ ಇಲ್ಲವಾಗುವುದು ಕಂಡು ಬೆವರಿಳಿಯಿತು. ನೊಂದವಳು ಏನು ಹೇಳುತ್ತಾಳೆ ಕೇಳೋಣ ಎಂದರು.

ನೊಮನ್ಯಾನೊ ನಡುದಾರಿಯಲ್ಲಿ ನಡೆದು ಬಂದು ಅತ್ತೆಯ ಎದುರು ನಿಂತಳು.

"ಬಿಚ್ಚಿಸಬೇಡಿ," ಎಂದಳು.

ಪಾದ್ರಿಗಳು ಉಸಿರು ಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕ್ಷಮೆಯ ಹಾಡೊಂದನ್ನು ಎತ್ತಲು ಗಂಟಲು ಸರಿಮಾಡಿಕೊಂಡರು.

"ಕ್ಷಮಿಸಿದೆ ಅಂತ ಅಲ್ಲ. ಅಂಗಿ ತಗೊಂಡ್ರೆ ಅಮ್ಮ ಮನೇಲಿ ಕೂತ್ಬಿಡ್ತಾರೆ. ಮನೇಲಿ ಕೂರೋದು ಸುಲಭ, ನಾನು ಕೂತು ನೋಡಿದ್ದೀನಿ. ಅಂಗಿ ಹಾಕ್ಕೊಂಡೇ ಇರ್ಲಿ. ಪ್ರತಿ ಗುರುವಾರ ಹಾಕ್ಕೊಂಡು ಬರ್ಲಿ. ಗೊತ್ತಿರೋರ ಮಧ್ಯ ಕೂರ್ಲಿ."

"ನೀನು, ಮಗಳೇ?" ಎಂದರು ಪಾದ್ರಿಗಳು, ಕೈಯಲ್ಲಿ ಚುಕ್ಕಿ ಹಿಡಿದು. "ನೀನು ಬರ್ತೀಯಾ?"

"ನಾನಿಲ್ದೆ ಹೇಗೆ? ಒಂದು ಗುರುವಾರಾನೂ ತಪ್ಪಿಸಲ್ಲ. ಅಮ್ಮನ ಎದುರಿಗಿನ ಬೆಂಚು ನನಗಿರ್ಲಿ."

ಫೆಲೊಕಾಜಿಯೂ ಬಾಗಿಲಿನಿಂದ ಒಳಗೆ ಬಂದಳು. ಪಾದ್ರಿ ಕೊಂಡ್ಲೊ ಎರಡು ಚುಕ್ಕಿ ಅಂಟಿಸಿದರು. ರಟ್ಟು ಪೂರ್ತಿ ಕೆಂಪಾಯಿತು. ಸಭೆ ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಗುರಿ ಮುಟ್ಟಿದ್ದಂತೂ ನಿಜವಾದ್ದರಿಂದ ತಟ್ಟಿತು.

ಅದೇ ವಾರದ ಗುರುವಾರ ನೊಮನ್ಯಾನೊ ಹೊಸ ಕೆಂಪಂಗಿ ತೊಟ್ಟು ಕೂಟಕ್ಕೆ ಬಂದಳು. ಹಳೆಯದನ್ನು ಮಾಗಟ್ಯೇನಿ ಕಟ್ಟಿಕೊಂಡು ತಂದಿದ್ದಳು. ಒಂಬತ್ತು ವರ್ಷದ ಹಿಂದಿನ ಅಳತೆ ನನಗೀಗ ಆಗುವುದಿಲ್ಲ ಎಂದು ನೊಮನ್ಯಾನೊ ಅದನ್ನು ವಾಪಸ್ ಕೊಟ್ಟಿದ್ದಳು. ಹಾಡಾಯಿತು, ಓದಾಯಿತು. ಪ್ರಾರ್ಥನೆ ಆರನೆಯ ಗುಂಪಿನ ಸರದಿ. ಮಾಮ್ಪಿಂಗಾ ಶುರುಮಾಡಿದರೆ ಅರ್ಧ ಗಂಟೆ ಎಂದು ಗೊತ್ತಿದ್ದ ಹೆಂಗಸರು ಮಂಡಿಯ ಕೆಳಗೆ ಶಾಲು ಮಡಿಸಿ ಹಾಕಿಕೊಂಡು, ಕೈ ಜೋಡಿಸಿ, ಕಣ್ಣು ಮುಚ್ಚಿ ಸಜ್ಜಾದರು.

"ಕರ್ತನೇ," ಎಂದಳು ಮಾಮ್ಪಿಂಗಾ. ದನಿ ಎಂದಿನಂತೆ ಗಟ್ಟಿಯಾಗಿಯೇ ಹೊರಟಿತು. "ನಮ್ಮ ಮನೆಗಳಲ್ಲಿ..."

ನಿಂತಳು. ಮುಚ್ಚಿದ ಕಣ್ಣಿನಲ್ಲಿ ಒಂದನ್ನು ಸ್ವಲ್ಪವೇ ತೆರೆದಳು. ಅರವತ್ತು ತಲೆಗಳು ಬಾಗಿದ್ದವು. ಎದುರು ಬೆಂಚಿನಲ್ಲಿ ಒಂದು ಬಾಗಿರಲಿಲ್ಲ. ಸೊಸೆ ಕೈ ಜೋಡಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕಣ್ಣು ಬಿಟ್ಟು ಅವಳನ್ನೇ ನೋಡುತ್ತ ಕೇಳುತ್ತಿದ್ದಳು.

ಮಾಮ್ಪಿಂಗಾ ಕಣ್ಣು ಮತ್ತೆ ಬಿಗಿಯಾಗಿ ಮುಚ್ಚಿದಳು. ಮನೆಗಳ ಬಗ್ಗೆ ಹೇಳಲು ಏನೂ ಹೊಳೆಯಲಿಲ್ಲ. ನೆರೆಯವರ ಬಗ್ಗೆಯೂ ಹೊಳೆಯಲಿಲ್ಲ. "ನಮ್ಮ ಮನೆಗಳಲ್ಲಿ... ಎಲ್ಲರೂ ಚೆನ್ನಾಗಿರ್ಲಿ. ಆಮೆನ್."

ಮಂಡಿ ಇನ್ನೂ ಸರಿಯಾಗಿ ಊರದ ಹೆಂಗಸರು ಗಲಿಬಿಲಿಯಿಂದ ಒಬ್ಬರಾದ ಮೇಲೊಬ್ಬರು ಆಮೆನ್ ಎಂದರು. ನೊಮನ್ಯಾನೊ ಅನ್ನಲಿಲ್ಲ. ಅವಳು ಅನ್ನುವವರೆಗೆ ಯಾರೂ ಏಳುವಂತಿರಲಿಲ್ಲ.

"ಇಷ್ಟೇನಾ ಅಮ್ಮ?" ಎಂದು ಕೇಳಿದಳು.